ನಾನು ಹಾಕಿದ ಹಕಾರ

ಭಾದ್ರಪದದ ಒಂದು ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ. ಹಾಜರಿದ್ದವರು: ಪಣಕಹಳ್ಳಿಯ ಚಿಕ್ಕತಾಯಮ್ಮ, ನಾನು. ಹೊರಗಿನ ಬೆಂಚಿನ ಮೇಲೆ ಅವರ ಜೊತೆಗೆ ಬಂದಿದ್ದ ಪುಟ್ಟಮಾದಮ್ಮ. ಬಾಗಿಲು ಮುಚ್ಚಿತ್ತು, ಕಿಟಕಿ ತೆರೆದಿತ್ತು. ಇದು ಐದನೆಯ ಭೇಟಿ.

ನನ್ನ ನೋಟುಪುಸ್ತಕಗಳ ಎಲ್ಲ ಪುಟಗಳೂ ಹೀಗೆಯೇ ಶುರುವಾಗುತ್ತವೆ. ದಿನ, ಗಂಟೆ, ಯಾರಿದ್ದರು, ಬಾಗಿಲು ಕಿಟಕಿಗಳ ಸ್ಥಿತಿ. ಕೆಲಸ ಬಿಟ್ಟು ಮೂರು ವರ್ಷವಾದರೂ ಬೆಳಿಗ್ಗೆ ಹತ್ತಾಗುತ್ತಿದ್ದಂತೆ ನನ್ನ ಕೈ ಪೆನ್ನು ಹುಡುಕುತ್ತದೆ. ಮೊನ್ನೆ ನಮ್ಮ ಹಳೆಯ ಆಸ್ಪತ್ರೆಗೆ ಹೊಸದಾಗಿ ಸೇರಿದ ಇಬ್ಬರು ಆಪ್ತಸಮಾಲೋಚಕಿಯರು ಮನೆಗೆ ಬಂದಿದ್ದರು. ಅವರಲ್ಲಿ ಒಬ್ಬಳು ಕೇಳಿದಳು: "ಮೇಡಂ, ಮಾತಾಡ್ತಾ ಮಾತಾಡ್ತಾ ಎದುರಿಗಿದ್ದವರು ನಮ್ಮ ಮೇಲೆಯೇ ಸಿಟ್ಟಾಗಿ ಎದ್ದು ಹೋದರೆ ಏನು ಮಾಡಬೇಕು?" ತರಬೇತಿಯಲ್ಲಿ ಇದಕ್ಕೆ ಉತ್ತರ ಕೊಟ್ಟಿರುತ್ತಾರೆ. ನಾನೂ ಅದನ್ನೇ ಒಪ್ಪಿಸಿ ಕಾಫಿ ಕೊಟ್ಟು ಕಳಿಸಿದೆ. ಅವರು ಹೋದ ಮೇಲೆ ಕೂರಲಾಗಲಿಲ್ಲ. ಕುರ್ಚಿಗಳನ್ನು ಗೋಡೆಗೆ ಸೇರಿಸಿದೆ, ಲೋಟ ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ. ಕೊನೆಗೆ ಬೀರು ತೆಗೆದು ಈ ಪುಟ ಹುಡುಕಿದೆ. ನಿಜವಾದ ಉತ್ತರ ಇದರಲ್ಲಿದೆ. ಅವರಿಗೆ ಅದನ್ನು ಹೇಳದೆ ಕಳಿಸಿದ್ದು ತಪ್ಪು. ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲು ನನ್ನ ಬಗ್ಗೆ ಒಂದೆರಡು ಮಾತು. ನಾನು ಚಾಮರಾಜನಗರದ ಪೇಟೆಯಲ್ಲಿ ಹುಟ್ಟಿದವಳು, ಪ್ರಾಥಮಿಕ ಶಾಲೆ ಮೇಷ್ಟರ ಮಗಳು. ಬೀದಿಯಲ್ಲಿ ಆಡಿ ಬಂದು "ಅಸಿವಾಯ್ತದೆ" ಎಂದರೆ ಅಪ್ಪ ಊಟ ಕೊಡಿಸುತ್ತಿರಲಿಲ್ಲ. "ಏನಾಗ್ತದೆ? ಸರಿಯಾಗಿ ಹೇಳು" ಎನ್ನುತ್ತಿದ್ದರು. "ಹಸಿವು" ಎಂದು ಹೊಟ್ಟೆಯಿಂದ ಉಸಿರು ತಳ್ಳಿ ಹೇಳಿದ ಮೇಲೆ ತಟ್ಟೆ ಬರುತ್ತಿತ್ತು. ಸ್ಲೇಟಿನ ತುಂಬ ಹ, ಹಾ, ಹಿ, ಹೀ ಬರೆದು ಬೆಳೆದೆ. ನರ್ಸಿಂಗ್ ಓದಿದ ಹಾಸ್ಟೆಲಿನಲ್ಲಿ ಏಳುವುದಕ್ಕೆ, ಸ್ನಾನಕ್ಕೆ, ಉಣ್ಣುವುದಕ್ಕೆ, ದೀಪ ಆರಿಸುವುದಕ್ಕೆ ಎಲ್ಲಕ್ಕೂ ಗಂಟೆ ಹೊಡೆಯುತ್ತಿತ್ತು. ಅಲ್ಲಿನ ಮೇಟ್ರನ್ ಕಲಿಸಿದ ಒಂದು ಪಾಠ ಈ ಕಥೆಗೆ ಬೇಕು. ರೋಗಿಯ ದಾಖಲೆಯಲ್ಲಿ ತಪ್ಪು ಬರೆದರೆ ಗೀಚಿ ಮುಚ್ಚಬಾರದು, ಬ್ಲೇಡಿನಿಂದ ಹೆರೆಯಬಾರದು, ಹಾಳೆ ಹರಿಯಬಾರದು. ತಪ್ಪಿನ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು, ಅಡಿಯಲ್ಲಿರುವ ಹಳೆಯ ಅಕ್ಷರ ಓದುವಂತಿರಬೇಕು. ಪಕ್ಕದಲ್ಲಿ ಸರಿ ಬರೆದು ಸಹಿ ಹಾಕಬೇಕು. ನಾನು ಒಮ್ಮೆ ಜ್ವರದ ಅಂಕಿಯನ್ನು ಹೆರೆದು ತಿದ್ದಿದ್ದಕ್ಕೆ ಆಕೆ ಇಡೀ ತರಗತಿಯ ಮುಂದೆ ಹಾಳೆಯನ್ನು ಬೆಳಕಿಗೆ ಹಿಡಿದು, ತೆಳ್ಳಗಾದ ಜಾಗ ತೋರಿಸಿದ್ದರು.

ಮಾನಸಿಕ ರೋಗಿಗಳ ವಾರ್ಡಿನಲ್ಲಿ ಹಲವು ವರ್ಷ ದುಡಿದು, ಆಪ್ತಸಮಾಲೋಚನೆಯ ತರಬೇತಿ ಪಡೆದು, ಗಡಿ ದಾಟಿ ತಮಿಳುನಾಡಿಗೆ ಸೇರಿದ, ಕನ್ನಡ ಮಾತಿನ ತಾಳವಾಡಿಗೆ ಬಂದೆ. ಅದೊಂದು ಸಣ್ಣ ಧರ್ಮಾಸ್ಪತ್ರೆ. ನನಗೆ ಕೊಟ್ಟ ಕೋಣೆಯ ಬಾಗಿಲಿಗೆ ಉದ್ದನೆಯ ಬೋರ್ಡಿತ್ತು. ಅದನ್ನು ಯಾರೂ ಓದಲಿಲ್ಲ. ಜನ ಅದನ್ನು "ಮಾತಿನ ರೂಮು" ಎಂದರು, ನನ್ನನ್ನು "ಸಿಸ್ಟ್ರಮ್ಮ" ಎಂದರು. ಎರಡೂ ಹಾಗೆಯೇ ಉಳಿದವು.

ಮೊದಲ ವರ್ಷದ ಒಂದು ತಪ್ಪನ್ನು ಇಲ್ಲಿ ಹೇಳಿಬಿಡಬೇಕು. ಒಬ್ಬರಿಗೆ ನಲವತ್ತೈದು ನಿಮಿಷ, ತಡವಾಗಿ ಬಂದವರಿಗೆ ಮುಂದಿನ ವಾರ. ಇದು ನನ್ನ ನಿಯಮ. ತಾಳಮಲೆಯಿಂದ ಒಬ್ಬರು ಬರುತ್ತಿದ್ದರು. ಮಗಳು ತೀರಿಕೊಂಡ ಮೇಲೆ ಮಾತು ನಿಲ್ಲಿಸಿದ್ದ ಮನುಷ್ಯ. ಒಂದು ದಿನ ಇಪ್ಪತ್ತು ನಿಮಿಷ ತಡವಾಗಿ ಬಂದು ಬಾಗಿಲಲ್ಲಿ ನಿಂತು, "ದಾರೀಲಿ ಆನೆ ನಿಂತಿತ್ತು ಕಣ್ರವ್ವ, ಬಸ್ಸು ಬುಡ್ನಿಲ್ಲ" ಎಂದರು. ಅವರು ನನ್ನೊಡನೆ ಆಡಿದ ಅತಿ ಉದ್ದದ ಮಾತು ಅದು. ನಾನು ಗಡಿಯಾರ ತೋರಿಸಿ ಮುಂದಿನ ವಾರ ಬನ್ನಿ ಎಂದೆ. ಅವರು ಬರಲಿಲ್ಲ. ಮತ್ತೆಂದೂ ಬರಲಿಲ್ಲ. ಪುಸ್ತಕದಲ್ಲಿ "ಅಸಹಕಾರ" ಎಂದು ಬರೆದಿದ್ದೇನೆ. ಅದಿನ್ನೂ ಹಾಗೆಯೇ ಇದೆ.

ಈಗ ಚಿಕ್ಕತಾಯಮ್ಮ.

ಸುಮಾರು ನಲವತ್ತು ವರ್ಷದ ಹೆಂಗಸು, ಜಮೀನಿರುವ ಮನೆಯ ಸೊಸೆ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಗಂಡನ ಅಣ್ಣನ ಕುಟುಂಬದೊಂದಿಗೆ ಒಂದೇ ಮನೆಯಲ್ಲಿ ಇದ್ದರು. ಶ್ರಾವಣದಲ್ಲಿ ಪ್ರಾಣ ಕಳೆದುಕೊಳ್ಳಲು ಹೊರಟು, ಆಳಾಗಿ ದುಡಿಯುವ ಪುಟ್ಟಮಾದಮ್ಮನ ಕಣ್ಣಿಗೆ ಬಿದ್ದು ಉಳಿದುಕೊಂಡರು. ಪ್ರತಿ ಗುರುವಾರ ಸತ್ಯಮಂಗಲದಿಂದ ಘಾಟಿ ಹತ್ತಿ ಬರುತ್ತಿದ್ದ ನಮ್ಮ ಮನೋವೈದ್ಯ ಸೆಲ್ವಂ ಡಾಕ್ಟರು ಅವರನ್ನು ನನಗೆ ಒಪ್ಪಿಸಿ ಹೇಳಿದ್ದು ಒಂದೇ ಮಾತು: "ಇವರನ್ನ ಬಿಡಬಾರ್ದು. ಪ್ರತಿ ವಾರ ಬರಬೇಕು. ಬರೋದೇ ಔಷಧಿ."

ನಾಲ್ಕು ಮಂಗಳವಾರ ಅವರು ಬಂದು ಕುರ್ಚಿಯ ತುದಿಯಲ್ಲಿ ಕೂತು, ಸೆರಗಿನ ಅಂಚನ್ನು ಸುತ್ತಿ ಬಿಚ್ಚಿ ಮಾಡಿ ಹೋದರು. ಊಟ ಆಯಿತೇ ಎಂದರೆ ಆಯ್ತು, ನಿದ್ದೆ ಬಂತೇ ಎಂದರೆ ಇಲ್ಲ. ನಾನು ಕಾದೆ. ಕಾಯುವುದು ನನಗೆ ಗೊತ್ತಿತ್ತು.

ಐದನೆಯ ಮಂಗಳವಾರ, ಹತ್ತೂ ಐದಕ್ಕೆ ಕೂತವರು ಹತ್ತೂ ಹದಿನೆಂಟಕ್ಕೆ ತಲೆಯೆತ್ತಿದರು.

"ಅವತ್ತೇ ಕಣ್ ಸಿಸ್ಟ್ರಮ್ಮ. ನಮ್ ಬಾವ್ನೋರ ಒಲ್ದಲ್ಲಿ, ಅವತ್ತೇ ನಾನು ಆಳಾಗೋದೆ."

ಈ ಸೀಮೆಯ ಮಾತಿನಲ್ಲಿ ಹಕಾರ ಬೀಳುತ್ತದೆ. ಹಳ್ಳಿ ಎಂದರೆ ಅಳ್ಳಿ, ಹೊಲ ಎಂದರೆ ಒಲ, ಹಟ್ಟಿ ಎಂದರೆ ಅಟ್ಟಿ. ಅದು ನನಗೆ ಚೆನ್ನಾಗಿ ಗೊತ್ತು ಎಂಬ ಹೆಮ್ಮೆ ನನಗಿತ್ತು. ಕೇಳುತ್ತ ಕೇಳುತ್ತಲೇ ಬಿದ್ದ ಹಕಾರಗಳನ್ನೆಲ್ಲ ಎತ್ತಿ ಅದರದರ ಜಾಗದಲ್ಲಿಟ್ಟು ಶುದ್ಧವಾಗಿ ಬರೆದುಕೊಳ್ಳುತ್ತಿದ್ದೆ. ಅಪ್ಪ ನೋಡಿದ್ದರೆ ಮೆಚ್ಚುತ್ತಿದ್ದರು. ಅವತ್ತೂ ಬರೆದೆ: "ಭಾವನವರ ಹೊಲದಲ್ಲಿ ಹಾಳಾಗಿ ಹೋದೆ."

ಪೆನ್ನು ಕೆಳಗಿಟ್ಟೆ. ತರಬೇತಿಯಲ್ಲಿ ಹೇಳಿದಂತೆ ದನಿ ತಗ್ಗಿಸಿದೆ. "ಚಿಕ್ಕತಾಯಮ್ಮ, ಅದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ. ನಿಮ್ಮ ಭಾವ ನಿಮಗೆ ಏನು ಮಾಡಿದರು ಅನ್ನೋದನ್ನ ಇಲ್ಲಿ ಹೇಳಬಹುದು. ಹೊರಗೆ ಹೋಗೋದಿಲ್ಲ. ನೀವು ಬಯಸಿದರೆ ಪೊಲೀಸರಿಗೆ..."

"ಏನಂದ್ರಿ?"

ನಾನು ಇನ್ನೂ ಮೆತ್ತಗೆ ಅದನ್ನೇ ಹೇಳಿದೆ.

ಅವರು ಎದ್ದು ನಿಂತರು. ಮುಖ ಕೆಂಪಾಗಲಿಲ್ಲ, ಬೂದಿಯ ಬಣ್ಣಕ್ಕೆ ತಿರುಗಿತು. "ನಮ್ ಬಾವ್ನೋರು ಮುಂದ್ ನಿಂತು ನನ್ ಮದ್ವೆ ಮಾಡ್ದೋರು. ದ್ಯಾವ್ರಂತೋರು. ಇಂತಾ ಮಾತ ಆಡಕ್ಕೆ ನಿಮ್ಗೆ ನಾಲ್ಗೆ ಎಂಗ್ ಬಂತು? ಇದ್ಕಾ ನನ್ ಕರ್ಸದು ವಾರ್ ವಾರವೂ?"

ಬಾಗಿಲು ಗೋಡೆಗೆ ಬಡಿಯಿತು. ಹೊರಗೆ ಪುಟ್ಟಮಾದಮ್ಮ "ಯಾಕವ್ವ, ಏನಾಯ್ತು? ನಿಂತ್ಕಳವ್ವ" ಎನ್ನುತ್ತ ಹಿಂದೆ ಓಡಿದ್ದು ಕೇಳಿಸಿತು. ಗಡಿಯಾರ ನೋಡಿದೆ, ಹತ್ತೂ ಇಪ್ಪತ್ತೇಳು. ಬರೆದೆ: "ವಿವರ ಹೇಳಲು ಹಿಂಜರಿಕೆ. ಅಪರಾಧಿಯನ್ನು ಸಮರ್ಥಿಸುತ್ತಾರೆ. ಕೋಪವು ನೋವಿನ ಗುರುತು."

ಆ ಮೂರು ವಾಕ್ಯಗಳನ್ನು ಈಗ ಓದಿದರೆ ಬೆವರು ಬರುತ್ತದೆ. ಅವರು ಸಿಟ್ಟಾದಷ್ಟೂ ನನ್ನ ಊಹೆ ನಿಜ ಎಂದುಕೊಂಡೆ. ಇಲ್ಲ ಎಂದು ಅವರು ಕೂಗಿದ್ದೇ ನನಗೆ ಸಾಕ್ಷಿಯಾಗಿತ್ತು. ಈ ಕೆಲಸದಲ್ಲಿ ನಮ್ಮ ಕೈಗೆ ಸಿಗುವ ಅತಿ ಅಪಾಯದ ಸಲಕರಣೆ ಇದು: ಎದುರಿನವರು ಹೌದೆಂದರೂ ನಾವು ಸರಿ, ಇಲ್ಲವೆಂದರೂ ನಾವೇ ಸರಿ.

ಮುಂದಿನ ಮಂಗಳವಾರ ಅವರು ಬರಲಿಲ್ಲ. ನಾನು ಬಾಗಿಲು ತೆರೆದಿಟ್ಟು ನಲವತ್ತೈದು ನಿಮಿಷ ಕೂತೆ. ಕೂತೆ ಎನ್ನುವುದು ಸುಳ್ಳು. ಹತ್ತು ಸಲ ಎದ್ದೆ. ಎದುರಿನ ಕುರ್ಚಿಯನ್ನು ಕಿಟಕಿಯ ಕಡೆ ಸರಿಸಿದೆ, ಮತ್ತೆ ಮೊದಲಿನ ಜಾಗಕ್ಕೇ ತಂದೆ. ಚಾಮರಾಜನಗರದ ಬಸ್ಸು ಬಂದ ಸದ್ದು, ಹೋದ ಸದ್ದು. ಯಾವುದೋ ಟಿವಿಎಸ್ ಬಂದು ನಿಂತರೆ ಕಿಟಕಿಗೆ ಓಡಿದೆ. ಔಷಧಿ ಅಂಗಡಿಗೆ ಬಂದವರು. ಶ್ರಾವಣದಲ್ಲಿ ಒಮ್ಮೆ ಆ ದಾರಿ ಹಿಡಿದಿದ್ದ ಹೆಂಗಸು. ಅವರಿಗೆ ಬೇರೆ ಕೋಣೆ ಇರಲಿಲ್ಲ, ಮಾತು ಬಿಚ್ಚಿಕೊಳ್ಳಲು ಬೇರೆ ಕಿವಿ ಇರಲಿಲ್ಲ. ಇದ್ದ ಒಂದನ್ನು ನಾನು ಕೆಡಿಸಿದ್ದೆ. ಹೇಗೆ ಕೆಡಿಸಿದೆ ಎಂಬುದು ಮಾತ್ರ ಇನ್ನೂ ಗೊತ್ತಾಗಿರಲಿಲ್ಲ.

ಗುರುವಾರ ಸೆಲ್ವಂ ಡಾಕ್ಟರು ಬಂದರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ನಾನು ಟಿಪ್ಪಣಿಗಳನ್ನು ಓದಿ ಹೇಳಬೇಕಿತ್ತು. ನನ್ನ ಪುಸ್ತಕದ ಕನ್ನಡ ಅರ್ಥವಾಗದಿದ್ದರೆ ಅವರು ತಡೆದು, "ಅವರು ಹೇಳಿದ್ದನ್ನ ಅವರ ಥರಾನೇ ಹೇಳಿ ಸಿಸ್ಟರ್" ಎನ್ನುತ್ತಿದ್ದರು. ಅವರ ಭಾಷೆಯ ಕೊರತೆ ಎಂದು ನಾನು ಮನಸ್ಸಿನಲ್ಲೇ ನಗುತ್ತಿದ್ದೆ. ಅವತ್ತೂ ತಡೆದರು.

"ಹಾಳಾಗಿ? ಅದು ಎನ್ನ, ಏನದು? ಆ ಅಮ್ಮ ಯಾವ ಶಬ್ದ ಹೇಳಿದ್ರು?"

"ಆಳಾಗೋದೆ ಅಂದರು ಸಾರ್. ಇವರು ಹಕಾರ ಬಿಟ್ಟುಬಿಡ್ತಾರೆ. ಹಾಳಾದೆ ಅಂತ ಅರ್ಥ. ಕೆಟ್ಟುಹೋದೆ ಅಂತ."

ಡಾಕ್ಟರು ಟೀ ಲೋಟ ಕೆಳಗಿಟ್ಟರು. "ಆಳ್ ಅಂದ್ರೆ ನಮ್ಮ ತಮಿಳಲ್ಲಿ ಆಳ್ ದಾನೇ ಸಿಸ್ಟರ್? ವೇಲೆಗೆ, ಕೆಲಸಕ್ಕೆ ಬರೋ ಆಳು. ಕೂಲಿ ಆಳು. ನಿಮ್ಮ ಕನ್ನಡದಲ್ಲಿ ಆ ಶಬ್ದ ಇಲ್ವಾ?"

ಇತ್ತು. ಕನ್ನಡದಲ್ಲಿ ಆ ಶಬ್ದ ಇತ್ತು, ದಿನಕ್ಕೆ ಹತ್ತು ಸಲ ಕೇಳುವ ಶಬ್ದ. ಹೊಲದಲ್ಲಿ ಆಳಾಗಿ ಹೋದೆ. ಯಜಮಾನಿತಿಯಾಗಿದ್ದವಳು ಆಳಾದೆ. ಒಂದು ಅಕ್ಷರವೂ ಬಿದ್ದಿರಲಿಲ್ಲ. ಇಲ್ಲದ ಅಕ್ಷರವನ್ನು ನಾನು ತಂದು ಹಾಕಿದ್ದೆ. ಹಾಕಿದ ಆ ಒಂದು ಅಕ್ಷರದಿಂದ ಒಬ್ಬ ಮನುಷ್ಯನನ್ನು ಅತ್ಯಾಚಾರಿ ಮಾಡಿದ್ದೆ.

"ನಾನು ಇವತ್ತೇ ಪಣಕಹಳ್ಳಿಗೆ ಹೋಗ್ತೀನಿ ಸಾರ್" ಎಂದು ಚೀಲ ಎತ್ತಿಕೊಂಡೆ.

"ಕೂತ್ಕೊಳ್ಳಿ."

"ಬಸ್ಸು ಹನ್ನೆರಡಕ್ಕಿದೆ."

"ಸಿಸ್ಟರ್, ಕೂತ್ಕೊಳ್ಳಿ. ನೀವು ಆ ಮನೆ ಬಾಗಿಲಿಗೆ ಹೋದ್ರೆ ಇಡೀ ಬೀದಿ ಬರುತ್ತೆ. ಏನಂತೆ, ಏನಂತೆ ಅಂತ ಕೇಳುತ್ತೆ. ಅವರ ಭಾವ ಮುಂದೆ ನಿಂತಿರ್ತಾರೆ. ಏನು ಹೇಳ್ತೀರಿ?" ಟೀ ಲೋಟ ಪಕ್ಕಕ್ಕೆ ಸರಿಸಿ, "ನಿಮ್ಮ ಮನಸ್ಸಿನ ಭಾರ ಇಳಿಸೋಕೆ ಅವರ ಮನೆಗೆ ಹೋಗಬೇಡಿ" ಎಂದರು.

ಅಷ್ಟು ಕಟುವಾಗಿ ಅವರು ನನಗೆ ಎಂದೂ ಹೇಳಿರಲಿಲ್ಲ. ಕೂತೆ. ಅವರು ಹಳ್ಳಿಯ ನರ್ಸಿಗೆ ಫೋನು ಮಾಡಿ, ಬಿಪಿ ನೋಡುವ ನೆಪದಲ್ಲಿ ಎರಡು ದಿನಕ್ಕೊಮ್ಮೆ ಆ ಬೀದಿಯ ಎಲ್ಲ ಹೆಂಗಸರನ್ನೂ ನೋಡಿಬರಲು ಹೇಳಿದರು. ಚಿಕ್ಕತಾಯಮ್ಮನನ್ನು ಎದುರಿಗೇ ಮಾತಾಡಿಸಬೇಕು, ಮನಸ್ಸು ಹೇಗಿದೆ ಎಂದು ಬಾಯಿಬಿಟ್ಟು ಕೇಳಬೇಕು, ಏನೇ ಅನುಮಾನ ಬಂದರೂ ಆ ಕ್ಷಣವೇ ಫೋನು ಮಾಡಬೇಕು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ತಪ್ಪು ನಿಮಗೆ ಗೊತ್ತಾಗಿದೆ ಅಂತ ಅವರಿಗೆ ಗೊತ್ತಾಗ್ಬೇಕು. ಅಷ್ಟೇ. ಬರೋದು ಬಿಡೋದು ಅವರ ಇಷ್ಟ" ಎಂದರು.

ಶನಿವಾರ ಪುಟ್ಟಮಾದಮ್ಮ ಸಕ್ಕರೆ ಕಾಯಿಲೆಯ ಮಾತ್ರೆಗೆ ಬಂದರು. ಅವರ ಮನೆಯವರೆಲ್ಲ ತಲೆಮಾರುಗಳಿಂದ ಬೇರೆಯವರ ಹೊಲದಲ್ಲಿ ದುಡಿದವರು. ದನಿ ದೊಡ್ಡದು, ನಗುವೂ ದೊಡ್ಡದು. ನನ್ನನ್ನು ಕಂಡವರೇ ಮುಖ ಆ ಕಡೆ ಮಾಡಿದರು. ನಾನು ಪಕ್ಕದಲ್ಲಿ ಹೋಗಿ ನಿಂತೆ.

"ಪುಟ್ಟಮಾದಮ್ಮ, ಒಂದು ಮಾತು ತಲುಪಿಸ್ತೀರಾ?"

"ಏನ್ ಅಂದ್ರವ್ವ ಅವುಳ್ಗೆ? ದಾರಿ ಉದ್ದಕ್ಕೂ ಅತ್ಕಂಡ್ ಬಂದ್ಲು. ಕೇಳುದ್ರೆ ಬಾಯೇ ಬುಡ್ನಿಲ್ಲ."

"ಅದನ್ನ ನಾನು ಹೇಳೋ ಹಾಗಿಲ್ಲ. 'ಸಿಸ್ಟ್ರಮ್ಮ ನೀವು ಹೇಳಿದ್ದನ್ನ ತಪ್ಪಾಗಿ ಕೇಳಿಸಿಕೊಂಡರಂತೆ, ತಪ್ಪು ಅವರದೇ ಅಂತೆ.' ಇಷ್ಟು ಹೇಳಿ ಸಾಕು."

ಪುಟ್ಟಮಾದಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕಿವಿ ಮಂದ್ವಾ ಸಿಸ್ಟ್ರಮ್ಮ ನಿಮ್ಗೆ?"

ಕ್ಯೂನಲ್ಲಿದ್ದವರೆಲ್ಲ ತಿರುಗಿದರು. "ಹೌದು. ಮಂದ" ಎಂದೆ.

"ಅಯ್ಯೋ ಸಿವ್ನೇ. ಮಾತ್ ಕೇಳದೇ ಕೆಲ್ಸ, ಕಿವೀನೇ ಮಂದ. ಚೆಂದಾಗದೆ." ಮಾತ್ರೆ ಸೆರಗಿಗೆ ಕಟ್ಟಿಕೊಂಡು ಅವರು ಹೊರಟರು. ನಾನು ಗೇಟಿನವರೆಗೆ ಹೋಗಿ ಕೇಳಿದೆ: "ಉಣ್ತಾರಾ ಅವರು? ಹೊಲಕ್ಕೆ ಬರ್ತಾರಾ?"

"ಬತ್ತಳ. ಕಳೆ ಕೀಳ್ತಳ. ಮಾತಿಲ್ಲ. ನಾನ್ ಬುಟ್ಟಿಲ್ಲ ಕಣವ್ವ ಅವಳ್ನ, ಕಣ್ಣಳ್ತೇಲೇ ಮಡೀಕಂಡಿವ್ನಿ." ಅದನ್ನು ಮಾತ್ರ ಅವರು ಮೆಲ್ಲಗೆ ಹೇಳಿದರು.

ಏಳನೆಯ ಮಂಗಳವಾರ. ಮತ್ತೆ ಕುರ್ಚಿ ಖಾಲಿ. ಆದರೆ ಹನ್ನೊಂದರ ಹೊತ್ತಿಗೆ ಪುಟ್ಟಮಾದಮ್ಮನ ಕಡೆಯ ಹೆಂಗಸೊಬ್ಬಳು ಬಂದು ಬಾಗಿಲಲ್ಲಿ ನಿಂತು, ಕಲಿತ ಪದ್ಯ ಒಪ್ಪಿಸುವಂತೆ ಒಂದೇ ಉಸಿರಿಗೆ ಹೇಳಿ ಹೋದಳು: "ಕಿವಿ ಮಂದ್ವಾದೋರ್ತಾವ ನಾನೇನ್ ಯೋಳಾದು ಅಂದ್ಲಂತೆ."

ನನಗೆ ಆ ದಿನ ಆದ ಸಂತೋಷವನ್ನು ಯಾರಿಗೆ ವಿವರಿಸುವುದು. ಚಿಕ್ಕತಾಯಮ್ಮ ಬೈದು ಕಳಿಸಿದ್ದರು. ಬೈಯುವಷ್ಟು ನಾನು ಅವರ ಲೆಕ್ಕದಲ್ಲಿ ಇನ್ನೂ ಇದ್ದೆ. ಜೊತೆಗೇ ಹೆದರಿಕೆ: ಮುಂದಿನ ವಾರ ಬರದಿದ್ದರೆ? ವಾರವಿಡೀ ಕನ್ನಡಿಯ ಮುಂದೆ ನಿಂತು ಹೇಳಬೇಕಾದ್ದನ್ನು ಅಭ್ಯಾಸ ಮಾಡಿದೆ. ಮೊದಲ ದಿನ ಅದು ಒಂದು ಪುಟ ಇತ್ತು. ಈ ಸೀಮೆಯ ಉಚ್ಚಾರ, ನನ್ನ ಊರು, ನನ್ನ ಅಪ್ಪ, ಎಲ್ಲ ಅದರಲ್ಲಿತ್ತು. ದಿನಕ್ಕೊಂದು ವಾಕ್ಯ ಹೊಡೆದುಹಾಕುತ್ತ ಬಂದೆ. ಸೋಮವಾರ ಸಂಜೆಗೆ ಮೂರು ವಾಕ್ಯ ಉಳಿದಿದ್ದವು.

ಎಂಟನೆಯ ಮಂಗಳವಾರ ಹತ್ತೂ ಐದಕ್ಕೆ ಅವರು ಬರಲಿಲ್ಲ. ಹತ್ತೂ ಐವತ್ತಕ್ಕೆ ಪುಸ್ತಕ ಮುಚ್ಚಿದೆ. ಹನ್ನೊಂದೂವರೆಗೆ ನಾನು ಕಚೇರಿಯ ತಮಿಳು ನಮೂನೆಗಳನ್ನು ತುಂಬುವ ಹೊತ್ತು. ಆ ಹೊತ್ತಿನಲ್ಲಿ ಬಾಗಿಲು ತಟ್ಟಿದವರನ್ನು ಎಷ್ಟೋ ಸಲ ಹಿಂದೆ ಕಳಿಸಿದ್ದೇನೆ. ಹನ್ನೊಂದೂ ಮೂವತ್ತೈದಕ್ಕೆ ಬಾಗಿಲು ತಟ್ಟಿದ ಸದ್ದು. ಚಿಕ್ಕತಾಯಮ್ಮ ಹೊಸ್ತಿಲಿನ ಆ ಕಡೆ, ಅವರ ಹಿಂದೆ ಪುಟ್ಟಮಾದಮ್ಮ.

"ಬಸ್ಸು ತಡಾಯ್ತು" ಎಂದರು ಚಿಕ್ಕತಾಯಮ್ಮ. ಒಳಗೆ ಬರಲಿಲ್ಲ. ನನ್ನ ಗಡಿಯಾರದ ನಿಯಮ ಅವರಿಗೆ ಗೊತ್ತಿತ್ತು. ನಾನು ಕಳಿಸಿದರೆ ಹೋಗಿಬಿಡಲು ತಯಾರಾಗಿಯೇ ಬಂದಿದ್ದರು. ಬಹುಶಃ ಅದಕ್ಕೆಂದೇ ತಡವಾಗಿ ಬಂದಿದ್ದರು.

ನಮೂನೆಗಳನ್ನು ಒಟ್ಟುಮಾಡಿ ಬೀರುವಿಗೆ ಹಾಕಿದೆ. "ಬನ್ನಿ" ಎಂದೆ.

ಪುಟ್ಟಮಾದಮ್ಮ ಬೆಂಚಿನ ಮೇಲೆ ಕೂತರು. ಚಿಕ್ಕತಾಯಮ್ಮ ಕುರ್ಚಿ ಬಿಟ್ಟು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತರು. ನಾನು ಬಾಗಿಲು ಮುಚ್ಚಿ ನನ್ನ ಮೂರು ವಾಕ್ಯ ಹೇಳಿದೆ.

"ನೀವು ಆಳಾದೆ ಅಂದಿರಿ. ನಾನು ಹಾಳಾದೆ ಅಂತ ತಿಳಿದು ನಿಮ್ಮ ಭಾವನವರ ಬಗ್ಗೆ ಆಡಬಾರದ ಮಾತು ಆಡಿದೆ. ತಪ್ಪು ನನ್ನದು."

ಆಮೇಲೆ ಏನಾದರೂ ಸೇರಿಸಲು ನಾಲಿಗೆ ತುರಿಸುತ್ತಿತ್ತು. ಹಲ್ಲು ಕಚ್ಚಿ ಕೂತೆ. ಹೊರಗೆ ಪುಟ್ಟಮಾದಮ್ಮ ಕೆಮ್ಮಿದರು. ಎಷ್ಟು ನಿಮಿಷ ಹೋಯಿತೋ, ಗಡಿಯಾರದ ಕಡೆ ನೋಡಲಿಲ್ಲ.

"ಬರ್ಕಂಡಿದ್ದೀರಾ ಅದ್ನ?" ಎಂದರು ಚಿಕ್ಕತಾಯಮ್ಮ.

ಈ ಪ್ರಶ್ನೆಯನ್ನು ನಾನು ಅಭ್ಯಾಸ ಮಾಡಿರಲಿಲ್ಲ. "ಬರೆದಿದ್ದೇನೆ."

"ಬಾವ್ನೋರ್ ಎಸ್ರೂವೆ?"

"ಹೆಸರಿಲ್ಲ. ಭಾವ ಅಂತ ಇದೆ."

"ತೋರ್ಸಿ."

ಅದುವರೆಗೆ ಯಾರಿಗೂ ನನ್ನ ಪುಸ್ತಕ ತೋರಿಸಿರಲಿಲ್ಲ. ತೆಗೆದು ಆ ಪುಟ ಬಿಚ್ಚಿ ಅವರ ತೊಡೆಯ ಮೇಲಿಟ್ಟೆ. ಐದನೆಯ ತರಗತಿವರೆಗೆ ಓದಿದವರು. ಕಳೆ ಕಿತ್ತು ಹಸಿರುಗಟ್ಟಿದ ಬೆರಳನ್ನು ಅಕ್ಷರದ ಅಡಿ ಇಟ್ಟು ಒಂದೊಂದಾಗಿ ಓದಿದರು. "ಹಾ... ಳಾ... ಗಿ." ಓದುವಾಗ ಅವರ ಬಾಯಿಂದ ಹಕಾರ ಸ್ಪಷ್ಟವಾಗಿ ಬಂತು. ತಲೆಯೆತ್ತಿ ಕೇಳಿದರು: "ಇದ್ ಯಾರ್ ಯೋಳ್ದೋರು, ಈ ಹ?"

"ಯಾರೂ ಹೇಳಲಿಲ್ಲ. ನಾನೇ ಹಾಕಿದ್ದು."

"ಅರ್ದಾಕ್ಬುಡಿ. ಆಳೆ ಅರ್ದು ಒಲೆಗಾಕಿ."

ಹರಿದು ಹಾಕುವುದು ಸುಲಭವಾಗಿತ್ತು. ಅವರು ಕೇಳಿದ್ದನ್ನು ಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತು. ಕೈ ಹಾಳೆಯ ಅಂಚಿಗೆ ಹೋಗಿಯೂ ಇತ್ತು. ಆದರೆ ತೆಳ್ಳಗಾದ ಆ ಹಾಳೆಯನ್ನು ಬೆಳಕಿಗೆ ಹಿಡಿದ ಮೇಟ್ರನ್ ನೆನಪಾದರು.

"ಹರಿಯೋದಿಲ್ಲ ಚಿಕ್ಕತಾಯಮ್ಮ. ಹರಿದರೆ ನಾನು ತಪ್ಪೇ ಮಾಡಿಲ್ಲ ಅನ್ನೋ ಹಾಗಾಗ್ತದೆ. ನಾಳೆ ಯಾರಾದರೂ ಕೇಳಿದರೆ ಹಾಳೆ ಇಲ್ಲ, ಏನಿತ್ತೋ ಏನೋ ಅಂತಾರೆ. ಒಂದು ಗೆರೆ ಎಳೀತೀನಿ. ಪಕ್ಕದಲ್ಲಿ ಸರಿ ಮಾತು ಬರೆದು ಸಹಿ ಹಾಕ್ತೀನಿ."

"ಅಡೀಲಿ ಕಾಣ್ತದಲ್ಲ ಇನ್ನೂವೆ?"

"ಕಾಣ್ತದೆ. ತಪ್ಪು ಯಾರದ್ದು ಅಂತಲೂ ಕಾಣ್ತದೆ."

ಅವರು ಯೋಚಿಸಿದರು. ಸೆರಗಿನ ಅಂಚು ಸುತ್ತಲಿಲ್ಲ. "ಸರಿ. ಈಗ್ಲೇ ಬರೀಬೇಡಿ. ಮೊದ್ಲು ಪೂರಾ ಕೇಳಿ. ಆಮೇಲ್ ಬರೀರಿ. ಪೆನ್ನ ಅತ್ಲಾಗ್ ಮಡುಗ್ರಿ."

ಇಷ್ಟು ವರ್ಷದಲ್ಲಿ ನನ್ನ ಪೆನ್ನನ್ನು ಕೆಳಗಿಡಿಸಿದವರು ಅವರೊಬ್ಬರೇ. ಇಟ್ಟೆ. ಅವರು ಹೇಳಿದರು.

ಜೋಳದ ಕಳೆ ಕೀಳುವ ದಿನ. ಹೊಲಕ್ಕೆ ಆಳುಗಳಿಗೆ ಊಟ ಹೊತ್ತು ತಂದು ಬಡಿಸುವುದು ಮದುವೆಯಾದಾಗಿನಿಂದ ಅವರ ಕೆಲಸ. ಬಡಿಸಿ ಮನೆಗೆ ಹೋಗಿ ತಾವು ಉಣ್ಣುತ್ತಿದ್ದರು. ಗಂಡ ಹೋದ ಮೇಲೆ ಅವರೂ ಆಳುಗಳ ಜೊತೆ ಸಾಲು ಹಿಡಿದು ಕಳೆ ಕೀಳತೊಡಗಿದ್ದರು, ಅದು ತಮ್ಮದೇ ಹೊಲ ಎಂದು. ಆ ದಿನ ಊಟ ತಂದದ್ದು ಓರಗಿತ್ತಿ, ಭಾವನ ಹೆಂಡತಿ.

"ಬದೀನ್ ಮ್ಯಾಲೆ ಆಳ್ಗೊಳ್ ಸಾಲು ಕೂತಿತ್ತು. 'ನೀನೂ ಅಲ್ಲೇ ಕೂತ್ಕಂಬುಡು, ಅಟ್ಟಿಗ್ ಯಾಕ್ ಬತ್ತೀಯ' ಅಂದ್ಲು. ಆಳ್ಗೊಳ್ ತಟ್ಟೇಲಿ ಇಟ್ಟಿನ್ ಮುದ್ದೆ ಇಕ್ಕುದ್ಲು ನಂಗೂವೆ. ಬಾವ್ನೋರು ಅಲ್ಲೇ ಮರದಡೀಲಿ ನಿಂತಿದ್ರು. ಕಂಡ್ರು. ನನ್ ಮಕ ನೋಡುದ್ರು. ಮಾತಾಡ್ನಿಲ್ಲ ಸಿಸ್ಟ್ರಮ್ಮ. ಆ ಕಡೀಕ್ ತಿರೀಕಂಡ್ರು."

ದೇವರಂಥವರು ಎಂದದ್ದು ಸುಳ್ಳಲ್ಲ. ಮುಖ ತಿರುಗಿಸಿಕೊಂಡದ್ದೂ ಸುಳ್ಳಲ್ಲ. ಆ ಎರಡನ್ನು ಒಟ್ಟಿಗೆ ಹೊರಲಾರದೆ ಅವರು ಶ್ರಾವಣದವರೆಗೆ ಬಂದಿದ್ದರು. ನಾನು ಕೇಳಿಸಿಕೊಂಡ ಅಪರಾಧ ಅಲ್ಲಿರಲಿಲ್ಲ. ಅಲ್ಲಿದ್ದ ನೋವಿಗೆ ನನ್ನ ತರಬೇತಿಯಲ್ಲಿ ಹೆಸರಿರಲಿಲ್ಲ.

"ಪುಟ್ಟಮಾದಮ್ಮ ಸರ್ದು ಜಾಗ ಕೊಟ್ಲು. ಬಾ ಕೂತ್ಕವ್ವ ಅಂದ್ಲು. ಅದೇ ನಂಗ್ ಉರ್ದೋಯ್ತು. ಇವ್ಳ್ ಪಕ್ಕಾನಾ ಅನ್ನಿಸ್ತು." ಅವರ ದನಿ ತಗ್ಗಿತು. "ನಾನ್ ಸಾಯಕ್ಕೋದಾಗ ಇಡ್ಕಂಡೋಳು ಅವ್ಳೇಯ. ಮೂವತ್ತೊರ್ಸದಿಂದ ಅದೇ ಸಾಲಲ್ಲಿ ಕೂತವ್ಳೆ. ನಾನೇ ಬಡ್ಸಿವ್ನಿ ಅವುಳ್ಗೆ. ಒಂದ್ ದಿನವೂ ಮಕ ನೋಡಿ ಬಡ್ಸಿಲ್ಲ ಕಣ್ ಸಿಸ್ಟ್ರಮ್ಮ."

ಪೆನ್ನನ್ನು ಇಟ್ಟಲ್ಲೇ ಬಿಟ್ಟು, ಸ್ಟೂಲಿನ ಕಡೆಗೆ ಕುರ್ಚಿ ಎಳೆದುಕೊಂಡೆ.

ಹೊರಗಿನಿಂದ ಪುಟ್ಟಮಾದಮ್ಮನ ದನಿ ಬಂತು: "ಎರಡ್ಗಂಟೆ ಬಸ್ ಇಡೀಬೇಕು ಕಣವ್ವಾ. ಕಿವಿ ನೆಟ್ಗಾಯ್ತಾ ಸಿಸ್ಟ್ರಮ್ಮಂಗೆ?"

ಚಿಕ್ಕತಾಯಮ್ಮ ನಕ್ಕರು. ಎಂಟು ವಾರಗಳಲ್ಲಿ ಮೊದಲ ಸಲ. "ಈಗ್ ಎಳೀರಿ ಗೆರೆ" ಎಂದರು.

ಎಳೆದೆ. "ಹಾಳಾಗಿ ಹೋದೆ" ಮೇಲೆ ಒಂದು ಗೆರೆ. ಕೆಳಗಿನ ಮೂರು ಜಾಣ ವಾಕ್ಯಗಳ ಮೇಲೆ ಮೂರು ಗೆರೆ. ಪಕ್ಕದಲ್ಲಿ ಏನು ಬರೆಯಬೇಕೆಂದು ಅವರೇ ಹೇಳಿದರು, ಅವರ ಮಾತನ್ನು ಹಾಗೆಯೇ ಬರೆದೆ: "ಸಿಸ್ಟ್ರಮ್ಮ ತಪ್ಪಾಗ್ ಕೇಳುಸ್ಕಂಡ್ರು. ನಾನ್ ಅಂದದ್ದು ಆಳು ಅಂತ." ನನ್ನ ಸಹಿ ಹಾಕಿದೆ. ಅವರು ಪೆನ್ನಿಗೆ ಕೈ ಚಾಚಿದರು. ನಿಯಮದಲ್ಲಿ ಅದಿಲ್ಲ. ಕೊಟ್ಟೆ. ಅವರು ಒತ್ತಿ ಒತ್ತಿ, ಪೂರ್ತಿ ಹೆಸರು ಬರೆದರು. ಹಿಂದಿನ ಹಾಳೆಯಲ್ಲೂ ಅಚ್ಚು ಮೂಡಿತ್ತು.

ಆಮೇಲೆ ಅವರು ಒಂದು ವರ್ಷಕ್ಕೂ ಹೆಚ್ಚು ಕಾಲ ಬಂದರು, ಮಂಗಳವಾರ ಹನ್ನೊಂದೂವರೆಗೆ. ನಮೂನೆ ತುಂಬುವ ಹೊತ್ತನ್ನು ನಾನು ಬದಲಾಯಿಸಿಕೊಂಡೆ. ಇದರ ನಡುವೆ ಇನ್ನೂ ಎರಡು ಸಲ ನನ್ನ ಮೇಲೆ ಸಿಟ್ಟಾದರು. ಎರಡು ಸಲವೂ ಎದ್ದು ಹೋಗದೆ, ಕೂತೇ ಬೈದರು. ಭಾವನೊಂದಿಗೆ ಮಾತಾಡಿ ಹೊಲದ ಒಂದು ಪಾಲನ್ನು ತಾವೇ ನೋಡಿಕೊಳ್ಳತೊಡಗಿದರು. ಅಲ್ಲಿ ಊಟದ ಹೊತ್ತಿಗೆ ಯಾರು ಎಲ್ಲಿ ಕೂರುತ್ತಾರೆ ಎಂದು ನಾನು ಕೇಳಿಲ್ಲ. ಇಲ್ಲಿ ಅವರಿಗೂ ಅವರ ಜೊತೆಯವರಿಗೂ ಬೇರೆ ಹೆಸರಿಟ್ಟಿದ್ದೇನೆ. ಇದನ್ನು ಬರೆಯಲೇ ಎಂದು ಹೋದ ವಾರ ಫೋನಿನಲ್ಲಿ ಒಪ್ಪಿಗೆ ಕೇಳಿದಾಗ ತಮ್ಮ ಹೆಸರನ್ನು ಅವರೇ ಆರಿಸಿ ಕೊಟ್ಟರು. "ಬರೀರಿ ಸಿಸ್ಟ್ರಮ್ಮ. ಅದ್ರಲ್ಲೂ ಎಲ್ಲಾರಾ ಒಂದ್ ಹ ಆಕ್ಬುಟ್ಟೀರಿ, ಉಸಾರು" ಎಂದರು.

ಈಗ ಆ ಕೋಣೆಯಲ್ಲಿ ಪುಸ್ತಕವಿಲ್ಲ, ಕಂಪ್ಯೂಟರಿದೆ. ಅದರಲ್ಲಿ ತಪ್ಪು ಬರೆದರೆ ಗುಂಡಿ ಒತ್ತಿ ಅಳಿಸಬಹುದು, ಅಳಿಸಿದ್ದು ಕಾಣುವುದೂ ಇಲ್ಲ. ಹೊಸ ಹುಡುಗಿಯರೇ, ಅದೊಂದು ನನ್ನನ್ನು ಕೂರಲು ಬಿಡುತ್ತಿಲ್ಲ.

ಆ ಎಂಟನೆಯ ಮಂಗಳವಾರ ಸಂಜೆ ಐದು ಗಂಟೆ. ಹಾಜರಿದ್ದವರು: ನಾನೊಬ್ಬಳೇ. ಬಾಗಿಲು ಮುಚ್ಚಿತ್ತು, ಕಿಟಕಿ ತೆರೆದಿತ್ತು. ದಿನದ ಟಿಪ್ಪಣಿ ಬರೆಯುವುದು ಬಾಕಿ ಇತ್ತು. ಹೊಸ ಪುಟ ತೆಗೆದು, ಚಿಕ್ಕತಾಯಮ್ಮ ಹೊಲದ ಆ ದಿನದ ಬಗ್ಗೆ ಆಡಿದ್ದನ್ನು ಅವರ ಬಾಯಿಂದ ಬಂದ ಹಾಗೆಯೇ ಬರೆಯತೊಡಗಿದೆ. ಬಾವ್ನೋರು. ಒಲ. ಅಟ್ಟಿ. ಇಟ್ಟು. ಆಳು. ಒಂದೆರಡು ಕಡೆ ಪೆನ್ನು ತಾನಾಗಿಯೇ ಹಕಾರದ ಕಡೆ ಬಾಗಿತು, ತಡೆದು ಹಿಡಿದೆ. ಬರೆದು ಮುಗಿಸಿ, ಗಟ್ಟಿಯಾಗಿ ಒಮ್ಮೆ ಓದಿದೆ. ಒಂದೂ ಹ ಇರಲಿಲ್ಲ. ಸಹಿ ಹಾಕಿ, ಬೀರುವಿಗೆ ಬೀಗ ಹಾಕಿದೆ.